ಸಪ್ಪಳ ಮಾಡದ ಜನರೇಟರು

ನಿಪ್ಪಾಣಿಯ ಅಂಗಡಿಯವನು ಕುರ್ಚಿ ಎಳೆದು ಕೊಟ್ಟದ್ದು ನನ್ನ ತಮ್ಮನಿಗೆ. ಪ್ರಶ್ನೆ ಕೇಳಿದವಳು ನಾನು. ಈ ಜನರೇಟರು ಬಿಡದೆ ನಾಲ್ಕು ತಾಸು ನಡೆದರೆ ಎಷ್ಟು ವ್ಯಾಟು ತಡೆಯುತ್ತದೆ ಎಂದು ಕೇಳಿದ್ದೆ. ಅವನು ನನ್ನ ಕಡೆ ನೋಡದೆ ತಮ್ಮನಿಗೆ ಹೇಳಿದ, ಲೈಟು ಹತ್ತುತ್ತವೆ, ಟಿವಿ ನಡೆಯುತ್ತದೆ, ಫ್ಯಾನು ತಿರುಗುತ್ತದೆ ಎಂದು. ನಾನು ಮತ್ತೆ ಕೇಳಿದೆ. ಅವನು ಮತ್ತೆ ತಮ್ಮನಿಗೇ ಹೇಳಿದ. ಮೂರನೆಯ ಸಲ ನಾನು ಕೇಳಲಿಲ್ಲ. ಚೀಲದಿಂದ ನಮ್ಮ ಮನೆಯ ಕರೆಂಟಿನ ಒಲೆ ತೆಗೆದು ಕೌಂಟರಿನ ಮೇಲೆ ಇಟ್ಟೆ.

ಆ ಒಲೆಯನ್ನು ಚಿಕ್ಕೋಡಿಯಿಂದ ಕೆಂಪು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಏನೂ ಜೋಡಿಸದೆ ಚಾಲೂ ಮಾಡಿದರೆ ಯಾವ ಜನರೇಟರಾದರೂ ಸಾಧುವೇ. ಅದರ ನಿಜವಾದ ಗಂಟಲು ಗೊತ್ತಾಗುವುದು ಹೊರೆ ಬಿದ್ದ ಮೇಲೆ. ಒಲೆ ಜೋಡಿಸಿದ್ದೇ ತಡ, ಅಂಗಡಿಯ ಯಂತ್ರ ಎಮ್ಮೆ ಒದರಿದ ಹಾಗೆ ಒದರತೊಡಗಿತು. ಪಕ್ಕದ ಬಲ್ಬು ಮಿಣುಕಿ ಮಿಣುಕಿ ಕೆಂಪಾಯಿತು. ಅಂಗಡಿಯವನು ತನ್ನ ಆಳಿನ ಕಡೆ ತಿರುಗಿ, ಶೋರೂಮಿಗೆ ಒಲೆ ಹೊತ್ತುಕೊಂಡು ಬಂದಿದ್ದಾರೆ, ಇನ್ನು ರೊಟ್ಟಿಯನ್ನೂ ಬಡಿಯುತ್ತಾರೇನೋ ಎಂದ. ಇಬ್ಬರೂ ನಕ್ಕರು. ನನ್ನ ತಮ್ಮನೂ ಸ್ವಲ್ಪ ನಕ್ಕ. ಅದೇ ನನಗೆ ಹೆಚ್ಚು ಉರಿದದ್ದು.

ನಾನು ಮೋಟರು ವೈಂಡಿಂಗ್ ಮಾಡುವವಳು. ಚಿಕ್ಕೋಡಿಯಲ್ಲಿ ಅಪ್ಪನ ಅಂಗಡಿ ಹಿಟ್ಟಿನ ಗಿರಣಿಗೆ ಅಂಟಿಕೊಂಡೇ ಇತ್ತು. ಗಿರಣಿಯ ಎಣ್ಣೆ ಎಂಜಿನ್ನು ಮೂವತ್ತು ವರ್ಷ ಗೋಡೆಯಾಚೆ ಬಡಿದು ಬಡಿದು ಅಪ್ಪನ ಎರಡೂ ಕಿವಿ ತಿಂದುಹಾಕಿತ್ತು. ಹತ್ತನೆಯ ಇಯತ್ತೆ ಮುಗಿದ ಮೇಲೆ ನಾನು ಅಪ್ಪನ ಪಕ್ಕದಲ್ಲಿ ಕೂತು ತಾಮ್ರದ ತಂತಿಯ ಸುತ್ತು ಎಣಿಸುವುದನ್ನು ಕಲಿತೆ. ಇಪ್ಪತ್ತೈದರ ಹೊತ್ತಿಗೆ ಬಾವಿಯ ಪಂಪಿನ ಮೋಟರುಗಳನ್ನು ಒಬ್ಬಳೇ ಕಟ್ಟುತ್ತಿದ್ದೆ. ನೋಡಲು ಬಂದ ಗಂಡುಗಳಿಗೆ ನನ್ನ ಕೈಯ ವಾರ್ನಿಷ್ ವಾಸನೆ ಹಿಡಿಸಲಿಲ್ಲ, ನನಗೂ ಅವರನ್ನು ನೋಡಿ ಕೈ ತೊಳೆದುಕೊಳ್ಳಬೇಕು ಅನ್ನಿಸಲಿಲ್ಲ.

ತಮ್ಮ ನನಗಿಂತ ಐದು ವರ್ಷ ಚಿಕ್ಕವನು. ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಕೊಲ್ಲಾಪುರದ ಕಡೆಯಿಂದ ಮೋಟರ್‌ಸೈಕಲ್ ಓಟದ ಶರ್ಯತ್ತಿನ ಹುಚ್ಚು ಗಡಿ ದಾಟಿ ನಮ್ಮಲ್ಲಿಗೂ ಬಂದಿತ್ತು. ಕಬ್ಬು ಕಡಿದ ಹೊಲ, ತಂಬಾಕು ಕಿತ್ತ ಹೊಲ, ಅಥಣಿಯಾಚೆಯ ಬರಡು ಕಲ್ಲುಮಡ್ಡಿ, ಹೊಳೆದಂಡೆಯ ಬಯಲು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಮಣ್ಣು ಒಟ್ಟಿ ದಿಬ್ಬ ಮಾಡಿ, ಹಗ್ಗ ಕಟ್ಟಿ, ಶನಿವಾರ ತಾಲೀಮು, ರವಿವಾರ ಶರ್ಯತ್ತು. ತಮ್ಮ ಹಳೆಯ ಟೂ-ಸ್ಟ್ರೋಕ್ ಗಾಡಿಯೊಂದನ್ನು ಬಿಚ್ಚಿ ಹಗುರ ಮಾಡಿ ಓಡಿಸುತ್ತಿದ್ದ. ಚೆನ್ನಾಗಿಯೇ ಓಡಿಸುತ್ತಿದ್ದ. ಗಾಡಿಯ ಕಿಡಿ ಹಾರಿಸುವ ಕಾಯಿಲು, ವಾಯರು, ಬೆಸುಗೆ ನನ್ನ ಪಾಲು. ಅಪ್ಪನ ಕಿವಿ ಹೋದ ಮೇಲೆ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಕೆಲಸವೂ ನನಗೇ ಬಂದಿತ್ತು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದರೆ ಒಳಗಿನ ಒಂದೊಂದು ಬೇರಿಂಗೂ ಬೇರೆ ಬೇರೆಯಾಗಿ ಮಾತಾಡುತ್ತದೆ.

ಹೊಲದಲ್ಲಿ ಕರೆಂಟು ಎಲ್ಲಿಯದು? ಬೆಸುಗೆ ಕಡ್ಡಿ ಕಾಯಬೇಕು, ಡ್ರಿಲ್ಲು ತಿರುಗಬೇಕು, ಬ್ಯಾಟರಿ ಚಾರ್ಜಾಗಬೇಕು. ಅದಕ್ಕೇ ಜನರೇಟರು ಬೇಕಾದದ್ದು. ನನಗೆ ಬೇಕಾದದ್ದು ಸಣ್ಣದು, ಒಬ್ಬರೇ ಎತ್ತಿ ಟೆಂಪೋದಲ್ಲಿ ಇಡುವಂಥದ್ದು. ಎಲ್ಲಕ್ಕಿಂತ ಮುಖ್ಯ, ಅದರ ಪಕ್ಕದಲ್ಲಿ ಕೂತು ಇನ್ನೊಂದು ಎಂಜಿನ್ನಿನ ಸದ್ದು ಕೇಳಲು ಬರಬೇಕು. ಇದನ್ನು ನಾನು ಎಷ್ಟು ಜನರಿಗೆ ಹೇಳಿದೆನೋ. ಎಲ್ಲರೂ ತಲೆಯಾಡಿಸಿ, ಆಮೇಲೆ ತಮ್ಮನನ್ನು ಕೇಳುತ್ತಿದ್ದರು, ನಿನಗ ಎಂಥಾದ್ದು ಬೇಕೋ ಎಂದು.

ಎರಡು ತಿಂಗಳು ಸುತ್ತಿದೆ. ನಿಪ್ಪಾಣಿ, ಮಿರಜ, ಕೊಲ್ಲಾಪುರ. ನನ್ನ ಪರೀಕ್ಷೆ ಸರಳವಾಗಿತ್ತು. ಒಲೆ ಜೋಡಿಸುವುದು, ತಮ್ಮನನ್ನು ಹತ್ತು ಹೆಜ್ಜೆ ಆಚೆ ನಿಲ್ಲಿಸುವುದು, ನಾನು ಜನರೇಟರಿನ ಪಕ್ಕ ನಿಂತು ಮಾಮೂಲಿ ದನಿಯಲ್ಲಿ ಊರುಗಳ ಹೆಸರು ಹೇಳುವುದು. ರಾಯಬಾಗ, ಕಾಗವಾಡ, ಯಡೂರು. ಅವನು ತಿರುಗಿ ಸರಿಯಾಗಿ ಹೇಳಿದರೆ ಯಂತ್ರ ಪಾಸು. ಸೀಮೆಎಣ್ಣೆಯಲ್ಲಿ ಓಡುವ ಅಗ್ಗದವುಗಳ ಪಕ್ಕ ನಾನು ರಾಯಬಾಗ ಎಂದರೆ ಅವನಿಗೆ ಬರೀ ನನ್ನ ಬಾಯಿ ಕಾಣುತ್ತಿತ್ತು. ಸಪ್ಪಳವಿಲ್ಲದ ಹೊಸವು ಒಂದೆರಡು ಇದ್ದವು, ಅವುಗಳ ಬೆಲೆ ಕೇಳಿ ನಾವು ಚಹಾ ಸಹ ಕುಡಿಯದೆ ಹೊರಗೆ ಬಂದಿದ್ದೆವು.

ಕೊನೆಗೆ ಬೇಕಾದದ್ದು ಸಿಕ್ಕಿದ್ದು ಅಥಣಿಯಲ್ಲಿ, ಅದೂ ಅಂಗಡಿಯಲ್ಲಲ್ಲ. ಮದುವೆಗಳ ವಿಡಿಯೋ ತೆಗೆಯುವ ಒಬ್ಬರಿದ್ದರು, ಊರೆಲ್ಲ ಅವರನ್ನು ವಿಡಿಯೋದ ಭಾಯಿ ಎನ್ನುತ್ತಿತ್ತು. ಅವರ ಫ್ಯಾನಿನ ಮೋಟರನ್ನು ಹಿಂದೊಮ್ಮೆ ನಾವು ಕಟ್ಟಿಕೊಟ್ಟಿದ್ದೆವು. ನನ್ನ ಪರದಾಟ ಕೇಳಿ ಅವರು ಒಳಗಿನಿಂದ ಸೂಟ್‌ಕೇಸಿನಂಥ ಒಂದು ಪೆಟ್ಟಿಗೆಯನ್ನು ಎತ್ತಿ ತಂದರು. ಮೇಲೆ ಹಿಡಿಕೆ, ಸುತ್ತ ತಗಡಿನ ಹೊದಿಕೆ, ಒಳಗೆ ಪುಟ್ಟ ಪೆಟ್ರೋಲ್ ಎಂಜಿನ್ನು. ಹಗ್ಗ ಎಳೆದರು. ಒಲೆ ಜೋಡಿಸಿದೆ. ದನಿ ಸ್ವಲ್ಪ ದಪ್ಪವಾಯಿತು, ಅಷ್ಟೇ.

"ಶೂಟಿಂಗ್‌ಗೆ ಇಂಥಾದ್ದ ಬೇಕ್ರಿ ಅಕ್ಕಾರ," ಎಂದರು ಅವರು. "ಟೇಪಿನ್ಯಾಗ ಮಂತ್ರ ಕೇಳಬೇಕಲ್ಲ. ಜನರೇಟರ್ ಕೇಳಿದ್ರ ಹುಡುಗಿ ಅಪ್ಪ ರೊಕ್ಕ ಕೊಡೂದಿಲ್ಲ."

ಅವರು ದೊಡ್ಡದೊಂದನ್ನು ತೆಗೆದುಕೊಳ್ಳುವವರಿದ್ದರು, ಇದನ್ನು ಮಾರುವ ವಿಚಾರವಿತ್ತು. ಹೊಸದರ ಅರ್ಧಕ್ಕೂ ಕಡಿಮೆ ಹೇಳಿದರು. ನಾನು ಖುಷಿಯಲ್ಲಿ ಬಸ್ಸು ಹತ್ತಿದೆ.

ಆದರೆ ಕೊಳ್ಳಬೇಕಾದವರು ನಾವಲ್ಲ, ಮಾಲಕರು. ರಾಯಬಾಗದ ಕಡೆಯ ದೊಡ್ಡ ಕಬ್ಬಿನ ಜಮೀನಿನವರು. ತಮ್ಮನ ಓಟ ನೋಡಿ ಮೆಚ್ಚಿ ಟಾಯರು, ಪೆಟ್ರೋಲು, ಟೆಂಪೋ ಬಾಡಿಗೆ ಎಲ್ಲ ನೋಡಿಕೊಳ್ಳುತ್ತಿದ್ದರು. ಟೀಮಿಗೆ ತಮ್ಮ ಮನೆತನದ ಹೆಸರಿನ ಬೋರ್ಡು ಬರೆಸಿದ್ದರು. ಕೆಟ್ಟವರಲ್ಲ. ಆಳುಗಳ ಜೊತೆ ಕೂತು ಉಣ್ಣುತ್ತಿದ್ದರು. ಆದರೆ ಅವರ ಮುಂದೆ ನಾನು ಮಾತಾಡಿದರೆ, ಮಗು ಹಾಡು ಹೇಳಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ ನಗುತ್ತಿದ್ದರು. ಮದುವೆಮನೆಯ ಹಳೇ ಡಬ್ಬಿ ನಮಗೇಕೆ ಎಂದರು. ಮುಂದಿನ ವಾರ ಅವರೇ ನಿಪ್ಪಾಣಿಗೆ ಹೋಗಿ, ನನ್ನ ಒಲೆಯನ್ನು ನೋಡಿ ನಕ್ಕಿದ್ದ ಅದೇ ಅಂಗಡಿಯಿಂದ, ಅದೇ ಒದರುವ ಯಂತ್ರದ ದೊಡ್ಡಣ್ಣನನ್ನು ಹೊಚ್ಚ ಹೊಸದಾಗಿ ತಂದರು. ಇದರ ಪಕ್ಕ ಕೂತು ನಾನು ಎಂಜಿನ್ ಹೇಗೆ ಕೇಳಲಿ ಎಂದೆ.

"ತಂಗೀ, ಸಪ್ಪಳ ಆಗಬೇಕವಾ," ಎಂದರು. "ಸಪ್ಪಳ ಆದ್ರ ತಾನ ಮಂದಿಗಿ ಗೊತ್ತಾಗೂದು, ನಮ್ಮ ಟೀಮ್ ಬಂದೈತಿ ಅಂತ?"

ಸುತ್ತ ನಿಂತವರು ಹೌದು ಹೌದೆಂದರು. ತಮ್ಮ ನೆಲ ನೋಡುತ್ತಿದ್ದ.

ಆ ಯಂತ್ರದೊಂದಿಗೆ ನಾಲ್ಕು ವಾರ ಕಳೆದೆ. ಎರಡು ದಿನ ಅದರ ಪಕ್ಕ ಕೂತು ಬಂದರೆ ಸೋಮವಾರ ಇಡೀ ದಿನ ಕಿವಿಯಲ್ಲಿ ಗಿರಣಿ ನಡೆಯುತ್ತಿತ್ತು. ಉದ್ದ ವಾಯರು ತಂದು ಅದನ್ನು ದೂರ ಇಡೋಣ ಎಂದರೆ ಮಾಲಕರು ಒಪ್ಪಲಿಲ್ಲ, ಅದು ಬೋರ್ಡಿನ ಮುಂದೆಯೇ ಇರಬೇಕು. ಅದಕ್ಕೆ ಒಂದು ಟೇಪ್ ರೆಕಾರ್ಡರನ್ನೂ ಲೌಡ್‌ಸ್ಪೀಕರಿನ ಕರ್ಣೆಯನ್ನೂ ಬೇರೆ ಜೋಡಿಸಿದರು. ಹಾಡು ನಿಂತಾಗಲೆಲ್ಲ ಅವರ ಮನೆತನದ ಹೆಸರು ಕೂಗಿ ಹೇಳಲಾಗುತ್ತಿತ್ತು.

ಐದನೆಯ ವಾರದ ಶರ್ಯತ್ತು ಕಾಗವಾಡದ ಹತ್ತಿರ. ರವಿವಾರ ಬೆಳಿಗ್ಗೆ ತಾಲೀಮಿನ ಸುತ್ತು ಮುಗಿಸಿ ಬಂದ ತಮ್ಮ ಹೆಲ್ಮೆಟ್ ತೆಗೆದು ನನ್ನ ಕಿವಿಯ ಹತ್ತಿರ ಬಾಯಿ ತಂದು, ಹ್ಯಾಂಡಲ್ಲಿನಲ್ಲಿ ಏನೋ ಹೊಸ ನಡುಕ ಬರುತ್ತಿದೆ ಎಂದ. ಎಂಜಿನ್ನು ಚಾಲೂ ಇಟ್ಟುಕೊಂಡೇ ನಾನು ಸ್ಕ್ರೂಡ್ರೈವರು ಊರಿದೆ. ಹಿಡಿಕೆಯಲ್ಲಿ ಜನರೇಟರಿನ ಬಡಿತ, ನೆಲದಿಂದ ಮೊಣಕಾಲಿಗೆ ಜನರೇಟರಿನ ಬಡಿತ, ತಲೆಯ ಮೇಲೆ ಕರ್ಣೆ. ಒಳಗೆ ಏನೋ ಒಂದು ಸಣ್ಣದಾಗಿ ಟಕ್ ಎಂದ ಹಾಗಾಯಿತು. ಆಯಿತೋ ಇಲ್ಲವೋ ಹೇಳುವುದು ಸಾಧ್ಯವಿರಲಿಲ್ಲ.

ನಾನು ಎದ್ದು ಮಾಲಕರ ಹತ್ತಿರ ಹೋದೆ. "ಐದ ನಿಮಿಷ ಬಂದ್ ಮಾಡ್ರಿ," ಎಂದೆ. "ಎಂಜಿನ್ ಒಳಗ ಏನೋ ಆಗೈತಿ. ನಾ ಕೇಳಬೇಕು."

"ಈಗ ಹ್ಯಾಂಗ ಬಂದ್ ಮಾಡೂದವಾ, ಪಾವಣ್ಯಾರು ಬರಾಕತ್ತಾರ," ಎಂದರು. ನಿಜವಾಗಿಯೂ ಬರುತ್ತಿದ್ದರು, ಬಿಳಿ ಬಟ್ಟೆಯ ನಾಲ್ಕೈದು ಜನ ಅತಿಥಿಗಳು, ಹಾರಕ್ಕಾಗಿ ಕುತ್ತಿಗೆ ಮುಂದೆ ಮಾಡಿಕೊಂಡು. ನಾನು ಗಾಡಿಯನ್ನು ದೂರಕ್ಕೆ ತಳ್ಳಿಕೊಂಡು ಹೋಗಲು ನೋಡಿದೆ. ಸುತ್ತಲೂ ಜನ ಕಿಕ್ಕಿರಿದಿದ್ದರು, ಅಷ್ಟರಲ್ಲಿ ಸಾಲಿಗೆ ಬರಲು ಸೀಟಿ ಊದಿದರು. ತಮ್ಮ ಹೆಲ್ಮೆಟ್ ಹಾಕಿಕೊಂಡ. ಇರಲಿ ಬಿಡು ಅಕ್ಕಾ ಎಂದು ಅವನ ಕೈ ಹೇಳಿತು.

ಜನರೇಟರಿನ ಸ್ವಿಚ್ಚು ನನ್ನಿಂದ ಒಂದು ಮಾರು ದೂರದಲ್ಲಿತ್ತು. ನಾನು ಅದನ್ನು ಒತ್ತಲಿಲ್ಲ. ಅಷ್ಟು ಜನರ ಮುಂದೆ, ಅತಿಥಿಗಳ ಮುಂದೆ, ಮಾಲಕರ ಯಂತ್ರವನ್ನು ಒಬ್ಬ ಹೆಂಗಸು ನಿಲ್ಲಿಸುವುದೇ ಎಂದು ಕೈ ಹಿಂದಾಯಿತು. ಆ ಕೈಯ ಮೇಲೆ ನನಗಿರುವಷ್ಟು ಸಿಟ್ಟು ಮಾಲಕರ ಮೇಲೂ ಇಲ್ಲ.

ಮೂರನೆಯ ಸುತ್ತಿನಲ್ಲಿ, ದಿಬ್ಬ ಇಳಿದು ನೇರ ದಾರಿಗೆ ಬರುವಲ್ಲಿ, ಎಂಜಿನ್ನು ಒಮ್ಮೆಲೇ ಹಿಡಿದುಕೊಂಡಿತು. ಹಿಂದಿನ ಗಾಲಿ ನಿಂತೇಬಿಟ್ಟಿತು. ತಮ್ಮ ಹ್ಯಾಂಡಲ್ಲಿನ ಮೇಲಿಂದ ಹಾರಿ ಬಿದ್ದ. ಹಿಂದೆ ಬರುತ್ತಿದ್ದವನು ತಪ್ಪಿಸಲು ಹೊರಳಿಸಿದರೂ ಅವನ ಮುಂದಿನ ಗಾಲಿ ತಮ್ಮನ ಹೆಗಲಿಗೆ ಬಡಿಯಿತು. ನಾನು ಹಗ್ಗದಡಿ ನುಸುಳಿ ಓಡಿದೆ. ಅವನು ಕಣ್ಣು ಬಿಟ್ಟುಕೊಂಡು ಮಲಗಿದ್ದ, ಬಾಯಲ್ಲಿ ಮಣ್ಣು. ಏನೋ ಹೇಳುತ್ತಿದ್ದ. ಆಗಲೂ ಆ ಯಂತ್ರ, ಆ ಕರ್ಣೆ ನಿಂತಿರಲಿಲ್ಲ. ನನ್ನ ತಮ್ಮ ಏನು ಹೇಳಿದನೆಂದು ನನಗೆ ಕೇಳಿಸಲಿಲ್ಲ.

ಮಾಲಕರು ತಮ್ಮ ಜೀಪಿನಲ್ಲೇ ಮಿರಜದ ಆಸ್ಪತ್ರೆಗೆ ಕರೆದೊಯ್ದರು. ತಾವೂ ಬಂದರು, ದಾರಿಯಲ್ಲಿ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಸೇತುವೆ ದಾಟುವಾಗ ಅವರು ಮುಂದೆ ಕೂತಿದ್ದವನನ್ನು ಕೇಳಿದರು, "ಕಾಯಿಲ್ ಕಟ್ಟಿದವರು ಯಾರು?" ನಾನು ಅದೇ ಜೀಪಿನಲ್ಲಿ, ಅವರ ಎದುರಿಗೇ ಕೂತಿದ್ದೆ.

ಹೆಗಲಿನ ಎಲುಬು ಮುರಿದಿತ್ತು, ಎರಡು ಪಕ್ಕೆಲುಬು ಬಿರಿದಿದ್ದವು. ಅವನು ಆಸ್ಪತ್ರೆಯಲ್ಲಿ ಮಲಗಿದ್ದ ವಾರದಲ್ಲಿಯೇ ಸುದ್ದಿ ಚಿಕ್ಕೋಡಿಗೆ ನಮಗಿಂತ ಮೊದಲು ಬಂದಿತ್ತು. ಅಕ್ಕ ಕಟ್ಟಿದ ಕಾಯಿಲು ನಡುದಾರಿಯಲ್ಲಿ ಸುಟ್ಟು ಗಾಡಿ ನಿಂತಿತಂತೆ. ಪಂಪಿನ ಮೋಟರು ತಂದಿದ್ದ ಒಬ್ಬ ರೈತರು, ಇದನ್ನು ನಿಮ್ಮ ಅಪ್ಪನ ಕೈಯಿಂದಲೇ ಕಟ್ಟಿಸು ಎಂದು ಮೆಲ್ಲಗೆ ಹೇಳಿ ಹೋದರು.

ನಾನು ಅಂಗಡಿಯಲ್ಲಿ ಎಂಜಿನ್ನು ಬಿಚ್ಚಿದೆ. ಅಪ್ಪ ಸ್ಟೂಲಿನ ಮೇಲೆ ಕೂತು ನೋಡಿದರು. ಮೊದಲು ಕಾಯಿಲು ಜೋಡಿಸಿ ತಿರುಗಿಸಿದೆ, ನೀಲಿ ಕಿಡಿ ಚಟ್ಟನೆ ಹಾರಿತು, ಕಾಯಿಲಿಗೆ ಏನೂ ಆಗಿರಲಿಲ್ಲ. ಆಮೇಲೆ ಹೊಟ್ಟೆ ಬಿಚ್ಚಿದರೆ ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗು ಪುಡಿಯಾಗಿತ್ತು. ಅಂಥ ಬೇರಿಂಗು ಒಂದೇ ಏಟಿಗೆ ಸಾಯುವುದಿಲ್ಲ. ಸಾಯುವ ಮೊದಲು ಒಂದೆರಡು ದಿನ ಟಕ್ ಟಕ್ ಎಂದು ಕೂಗಿ ಹೇಳುತ್ತದೆ. ಶನಿವಾರ ಹೇಳಿರಬೇಕು, ರವಿವಾರ ಹೇಳಿರಬೇಕು. ಅಪ್ಪ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ನನ್ನ ಅಂಗೈಯಲ್ಲಿಟ್ಟರು. "ಹೋಗಿ ತೋರಿಸಿ ಬಾ," ಎಂದರು.

ಚೂರುಗಳನ್ನು ಸ್ಟೀಲಿನ ವಾಟಿಯಲ್ಲಿ ಹಾಕಿಕೊಂಡು ರಾಯಬಾಗದ ಬಸ್ಸು ಹತ್ತಿದೆ. ಮಾಲಕರು ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕೂತಿದ್ದರು. ಬಾ ತಂಗಿ ಎಂದು ಚಾಪೆ ಹಾಕಿಸಿದರು, ಚಹಾ ತರಿಸಿದರು. ನಾನು ವಾಟಿ ಮುಂದಿಟ್ಟು ಎಲ್ಲ ಹೇಳಿದೆ. ಬೇರಿಂಗು ಯಾವುದು, ಅದರ ಸದ್ದು ಹೇಗಿರುತ್ತದೆ, ಐದು ನಿಮಿಷ ಬಂದ್ ಮಾಡಿದ್ದರೆ ನಾನೇನು ಕೇಳುತ್ತಿದ್ದೆ. ಅವರು ವಾಟಿಯೊಳಗೆ ನೋಡಲಿಲ್ಲ. ನಾನು ಮುಗಿಸುವವರೆಗೆ ತಾಳ್ಮೆಯಿಂದ ಕೇಳಿ, ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಹೇಳಿದರು, "ನೀ ಹೆಣ್ಮಗಳು ಅದಿ. ನಿನ್ನ ಮ್ಯಾಲ ನನಗ ಸಿಟ್ಟ ಇಲ್ಲ. ಆದದ್ದ ಆಗಿ ಹೋತು, ಚಹಾ ಕುಡಿ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವರು ನನ್ನನ್ನು ಕ್ಷಮಿಸಿದರು. ಮಾಡದ ತಪ್ಪಿಗೆ, ನಾಲ್ಕು ಜನರ ಮುಂದೆ, ಚಹಾ ಕೊಟ್ಟು ಕ್ಷಮಿಸಿದರು. ನಾನು ಕಪ್ಪು ಮುಟ್ಟದೆ ಎದ್ದೆ. ಬಸ್ ಸ್ಟ್ಯಾಂಡಿನವರೆಗೆ ನಡೆದದ್ದು ನೆನಪಿಲ್ಲ. ವಾಟಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಚು ಬೆರಳಿಗೆ ಹೊಕ್ಕು ರಕ್ತ ಬಂದಿತ್ತು.

ಮರುದಿನವೇ ಅಥಣಿಗೆ ಹೋದೆ. ವಿಡಿಯೋದ ಭಾಯಿಯ ಪೆಟ್ಟಿಗೆ ಇನ್ನೂ ಮಾರಾಟವಾಗಿರಲಿಲ್ಲ. ನನ್ನ ಹತ್ತಿರ ಅಷ್ಟು ಹಣವಿಲ್ಲ, ಆದರೆ ಕೈಯಿದೆ ಎಂದೆ. ಅವರು, ಜುಗೂಳದಲ್ಲಿ ಹೊಳೆದಂಡೆಯ ತಮ್ಮ ಹೊಲದ ಮೋಟರು ಮಳೆಗಾಲದಲ್ಲಿ ಮುಳುಗಿ ಸುಟ್ಟಿದೆ, ಅಣ್ಣನ ಮೋಟರೂ ಹಾಗೇ ಬಿದ್ದಿದೆ, ಎರಡನ್ನೂ ಕಟ್ಟಿ ನಡೆಸಿ ತೋರಿಸಿದರೆ ಪೆಟ್ಟಿಗೆ ನಿಮ್ಮದು ಎಂದರು. ನಿಮ್ಮ ಕಾಯಿಲು ಸುಟ್ಟಿತಂತೆ ಹೌದೇ ಎಂದು ಕೇಳಲಿಲ್ಲ. ಆ ಸುದ್ದಿ ಅವರಿಗೂ ಮುಟ್ಟಿತ್ತು, ನನಗೆ ಗೊತ್ತು. ಕೇಳಲಿಲ್ಲ.

ಆ ಮೋಟರುಗಳೊಳಗೆ ಹೊಳೆಯ ರಾಡಿ ಕಲ್ಲಿನಂತೆ ಗಟ್ಟಿಯಾಗಿತ್ತು. ಉಳಿಯಿಂದ ಕೆತ್ತಿ, ಸುಟ್ಟ ತಾಮ್ರ ಕತ್ತರಿಸಿ, ಒಂದೊಂದೇ ಸೀಳಿನಲ್ಲಿ ಕಾಗದ ಕೂರಿಸಿ, ಸುತ್ತು ಎಣಿಸಿ ಹಾಕಿ, ವಾರ್ನಿಷ್ ಕುಡಿಸಿ, ಒಳಗೆ ಬಲ್ಬು ಇಳಿಬಿಟ್ಟು ಒಣಗಿಸಿದೆ. ಸಿಟ್ಟಿನಲ್ಲಿ ಮಾಡಿದ ಕೆಲಸ ಕೆಡುತ್ತದೆ ಎನ್ನುತ್ತಾರೆ. ನಾನು ಅಷ್ಟು ಅಚ್ಚುಕಟ್ಟಾಗಿ ಮತ್ತೆಂದೂ ಮೋಟರು ಕಟ್ಟಿಲ್ಲ. ಜುಗೂಳದಲ್ಲಿ ಸ್ವಿಚ್ಚು ಹಾಕಿದಾಗ ಎರಡೂ ಒಂದೇ ದನಿಯಲ್ಲಿ ಎದ್ದು, ಪೈಪಿನ ಬಾಯಿಗೆ ನೀರು ಬಂತು. ಭಾಯಿ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ಬಸ್ಸಿಗೆ ಏರಿಸಿದರು.

ಮನೆಯ ಅಂಗಳದಲ್ಲಿ ಅದನ್ನು ಚಾಲೂ ಮಾಡಿದಾಗ ಕಟ್ಟಿದ ಎಮ್ಮೆ ಮೆಲುಕು ನಿಲ್ಲಿಸಲಿಲ್ಲ. ಅಪ್ಪ ತಗಡಿನ ಮೇಲೆ ಅಂಗೈ ಇಟ್ಟು, ನಡೆಯುತ್ತಿದೆ ಎಂದು ಖಾತ್ರಿ ಮಾಡಿಕೊಂಡರು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ತಮ್ಮ ಹತ್ತು ಹೆಜ್ಜೆ ದೂರ ನಿಂತು, ನಾನು ಹೇಳದೆಯೇ, ಊರುಗಳ ಹೆಸರು ಹೇಳು ಎಂದ. ಹೇಳಿದೆ. ಎಲ್ಲವನ್ನೂ ತಿರುಗಿ ಹೇಳಿದ. ಆದರೆ ಕಾಯಿಲಿನ ಸುದ್ದಿ ಸುಳ್ಳೆಂದು ಅವನು ಗ್ಯಾರೇಜಿನಲ್ಲಾಗಲಿ ಮಾಲಕರ ಮುಂದಾಗಲಿ ಎಂದೂ ಹೇಳಲಿಲ್ಲ. ದೊಡ್ಡವರ ಜೊತೆ ಯಾಕೆ ಕೆಡಿಸಿಕೊಳ್ಳುವುದು ಎಂದ. ಅವನ ಎಲುಬು ಕೂಡಿತು, ಆ ಮಾತಿನಿಂದ ನನ್ನಲ್ಲಿ ಮುರಿದದ್ದು ಕೂಡಲಿಲ್ಲ.

ಮುಂದಿನ ಚಳಿಗಾಲದಲ್ಲಿ ನಾವೇ ಹೊರಟೆವು. ಬೋರ್ಡಿಲ್ಲ, ಕರ್ಣೆಯಿಲ್ಲ. ಒಂದು ತಾಡಪತ್ರಿ, ಗಾಡಿ, ಪೆಟ್ಟಿಗೆ, ನಾವಿಬ್ಬರು. ಮಂಗಸೂಳಿಯ ಕಡೆ ಒಂದು ಮಡ್ಡಿಯಲ್ಲಿ ಅವನು ಕೊನೆಯ ಸುತ್ತಿಗೆ ಆರಿಸಿ ಬಂದ. ಸಾಲಿಗೆ ಹೋಗುವ ಮೊದಲು ನಾನು ಕಿವಿಗೊಟ್ಟೆ. ಪೆಟ್ಟಿಗೆ ನನ್ನ ಕಾಲಬುಡದಲ್ಲೇ ನಡೆಯುತ್ತಿತ್ತು, ಆದರೂ ಒಳಗಿನ ಟಿಣ್ ಟಿಣ್ ಸ್ಪಷ್ಟವಾಗಿ ಕೇಳಿತು. ನಾನು ಯಾರನ್ನೂ ಕೇಳಲಿಲ್ಲ. ಪ್ಲಗ್ಗಿನ ಟೊಪ್ಪಿಗೆಯನ್ನು ವಾಯರಿನ ಸಮೇತ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಅಕ್ಕಾ, ಕೊಡು ಅದನ್ನ," ಎಂದ ತಮ್ಮ. "ಇದು ಫೈನಲ್ ಐತಿ."

"ಕೊಡೂದಿಲ್ಲ."

ಅವನು ನನ್ನ ಬೆರಳು ಬಿಡಿಸಲು ನೋಡಿದ, ನಾನು ಅವನ ಕೂಡಿದ ಹೆಗಲನ್ನೇ ತಳ್ಳಿದೆ. ಜನ ನೋಡುತ್ತಿದ್ದರು. ನೋಡಲಿ ಎಂದೆ. ಅವನಿಲ್ಲದೆ ಶರ್ಯತ್ತು ಶುರುವಾಗಿ ಮುಗಿಯಿತು. ಮನೆಗೆ ತಂದು ಬಿಚ್ಚಿದರೆ ಒಳಗೆ ಏನೂ ಆಗಿರಲಿಲ್ಲ. ಎಂಜಿನ್ನನ್ನು ತಣ್ಣಗಿಡುವ ಹೊರಗಿನ ಗಾಳಿರೆಕ್ಕೆಗಳ ನಡುವೆ ಇರಬೇಕಾದ ಒಂದು ರಬ್ಬರಿನ ತುಂಡು ಉದುರಿತ್ತು, ರೆಕ್ಕೆ ಗೆಜ್ಜೆಯ ಹಾಗೆ ಮಿಡಿಯುತ್ತಿತ್ತು, ಅಷ್ಟೇ. ತಮ್ಮ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವನಿಗೆ ಗೆಲ್ಲುವ ಶಕ್ತಿಯಿತ್ತು, ಅದನ್ನು ನಾನೇ ಕಿತ್ತುಕೊಂಡೆ. ಅದಕ್ಕಾಗಿ ನಾನು ಅವನ ಕ್ಷಮೆ ಕೇಳಿದ್ದೇನೆ. ಆದರೆ ಅದೇ ಸದ್ದು ಮತ್ತೆ ಕೇಳಿದರೆ ಮತ್ತೆ ಕೀಳುತ್ತೇನೆ ಎಂದೂ ಹೇಳಿದ್ದೇನೆ.

ಇನ್ನೂ ಮೂರು ವರ್ಷ ಓಡಿಸಿದ. ಒಂದೆರಡು ಗೆದ್ದ, ಹೆಚ್ಚು ಸೋತ. ಮದುವೆಯಾದ ಮೇಲೆ ಬಿಟ್ಟು ರಾಯಬಾಗದಲ್ಲಿ ಟ್ರ್ಯಾಕ್ಟರು ರಿಪೇರಿಯ ಸ್ವಂತ ಗ್ಯಾರೇಜು ಹಾಕಿದ. ತೊಂಬತ್ತರ ದಶಕದ ನಡುವೆ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡ. ಮಾಲಕರೂ ಬಂದರು. ಅವರ ಟ್ರ್ಯಾಕ್ಟರುಗಳೆಲ್ಲ ಇವನಲ್ಲಿಗೇ ಬರುತ್ತಿದ್ದವು. ತಮ್ಮ ಅವರನ್ನು ಪಂಕ್ತಿಯ ಮೊದಲಲ್ಲಿ ಕೂರಿಸಿದ. ನಾನು ಹೋಳಿಗೆ ಬಡಿಸುತ್ತ ಬಂದೆ. ಅವರು ಪಕ್ಕದವರಿಗೆ ಹಳೆಯ ಶರ್ಯತ್ತುಗಳ ಕತೆ ಹೇಳುತ್ತಿದ್ದರು. ಈಗೆಲ್ಲ ಟೀಮಿನವರು ಸಪ್ಪಳವಿಲ್ಲದ ಜನರೇಟರು ಇಡುತ್ತಾರಲ್ಲ, ಈ ಭಾಗದಲ್ಲಿ ಅದನ್ನು ಮೊದಲು ಇಟ್ಟದ್ದು ನಮ್ಮ ಟೀಮು ಎಂದರು.

ನಾನು ಬುಟ್ಟಿ ಹಿಡಿದುಕೊಂಡೇ ನಿಂತೆ. "ಅದನ್ನ ಆರಿಸಿದಾಕಿ ನಾನ್ರಿ," ಎಂದೆ. "ನೀವು ತಂದಿದ್ದು ಒದರೂ ಮಶಿನ್. ಅದರ ಸಪ್ಪಳದಾಗ ಬೇರಿಂಗ್ ಕೇಳಲಿಲ್ಲ, ಇವನ ಎಲುಬು ಮುರೀತು. ನೀವು ನನ್ನ ಕಾಯಿಲ್ ಸುಟ್ಟಿತು ಅಂತ ಊರಿಗೆಲ್ಲ ಹೇಳಿದ್ರಿ."

ಪಂಕ್ತಿಯಲ್ಲಿ ಕೈಗಳು ನಿಂತವು. ತಮ್ಮ ಬಾಗಿಲಲ್ಲಿ ನಿಂತು, ಬೇಡ ಎಂದು ತಲೆಯಾಡಿಸುತ್ತಿದ್ದ. ಮಾಲಕರು ನನ್ನನ್ನು ನೋಡಿದರು. ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದರು.

"ಹೌದೇನು?" ಎಂದರು. "ನನಗ ನೆನಪಿಲ್ಲವಾ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಆರೇಳು ವರ್ಷ ನಾನು ಹೊತ್ತುಕೊಂಡು ತಿರುಗಿದ್ದು ಅವರ ತಲೆಯಲ್ಲಿ ಒಂದು ದಿನವೂ ಉಳಿದಿರಲಿಲ್ಲ. ಅವರು ಹೋಳಿಗೆಗಾಗಿ ಎಲೆಯನ್ನು ಸ್ವಲ್ಪ ಮುಂದೆ ಸರಿಸಿದರು. ನಾನು ಅವರ ಎಲೆ ದಾಟಿ ಪಕ್ಕದ ಎಲೆಗೆ ಬಡಿಸಿ, ಪಂಕ್ತಿಯ ಕೊನೆಯವರೆಗೂ ಹೋದೆ.